ಕರಿ ಕೋಟು ಮತ್ತು ಪಂಕ್ತಿ

ಕುನಾರ್ಡ್ ಕಂಪನಿಯ ವಿಹಾರದ ಹಡಗುಗಳಲ್ಲಿ ಗಾಲಾ ರಾತ್ರಿ ಅಂತ ಒಂದಿದೆ. ಅವತ್ತು ಸಂಜೆ ಆರರ ಮೇಲೆ ಗಂಡಸರಿಗೆ ಕರಿ ಕೋಟು, ಬೋ ಟೈ, ಇಲ್ಲವೇ ಗಾಢ ಬಣ್ಣದ ಸೂಟು, ಇಂಥ ಉಡುಪು ಬೇಕಂತೆ. ತೊಡದವರಿಗೆ ಊಟ ಇಲ್ಲವೆಂದಲ್ಲ. ದೊಡ್ಡ ಊಟದ ಕೋಣೆಯಲ್ಲಿ ಅಲ್ಲ, ಬೇರೆ ಕಡೆ. ಗೆಳೆಯರೆ, ಈ 'ಬೇರೆ ಕಡೆ' ನಮ್ಮ ಕಿವಿಗೆ ಹೊಸ ಮಾತೇ?

ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ. ಕೋಟನ್ನು ಬಾಡಿಗೆಗೆ ತರಬಹುದು. ಜಾತಿಯನ್ನು ಕಳಚಿಡಲು ಬರುವುದಿಲ್ಲ. ಹಾಗಂತ ಕೋಟನ್ನೇ ಸುಡೋಣವೇ? ತಾಳಿ. 1931ರಲ್ಲಿ ಎರಡನೇ ದುಂಡುಮೇಜಿನ ಪರಿಷತ್ತಿಗೆ ಹಡಗು ಹತ್ತಿ ಲಂಡನ್ನಿಗೆ ಹೋದವರಲ್ಲಿ ಗಾಂಧೀಜಿ ತುಂಡು ಪಂಚೆಯಲ್ಲಿ ಕೂತರು, ಬಾಬಾಸಾಹೇಬರು ಸೂಟಿನಲ್ಲಿ ಕೂತರು. ಬಟ್ಟೆ ಬಿಡುವುದು ತ್ಯಾಗವಾಗಬೇಕಾದರೆ ಮೊದಲು ತೊಡುವ ಹಕ್ಕಿರಬೇಕು. ಮೊಣಕಾಲ ಕೆಳಗೆ ಪಂಚೆ ಇಳಿಸಿದ್ದಕ್ಕೆ ಏಟು ತಿಂದ ಜನಕ್ಕೆ ಆ ಸೂಟು ಷೋಕಿಯಲ್ಲ, ಉತ್ತರ.

'ಏನು ತೊಡಲಿ?' ಅಂತ ಹಡಗಿನ ಪ್ರಯಾಣಿಕ ಕೇಳುತ್ತಾನೆ. ಕೋಟು ಇಷ್ಟವಾದರೆ ತೊಡಲಿ, ಚೆಂದ ಕಾಣಲಿ. ಆದರೆ ಬಟ್ಟೆ ನೋಡಿ ಮಣೆ ಹಾಕುವ ಕಟ್ಟಳೆಯನ್ನು ಅದರ ಜೊತೆಗೇ ತೊಡುವುದು ಬೇಡ. ಕೋಟಿಲ್ಲದವನು ಬಂದು ಪಕ್ಕದಲ್ಲಿ ಕೂತರೆ ಅವನು ಜಾಗ ಬಿಡುತ್ತಾನೋ, ಮುಖ ತಿರುಗಿಸುತ್ತಾನೋ? ಮನುಷ್ಯನ ಅಳತೆ ಸಿಗುವುದು ಅಲ್ಲಿ, ದರ್ಜಿಯ ಟೇಪಿನಲ್ಲಲ್ಲ.