ಒಂದು ಗೀರಿನ ಬೆಲೆ

ಕಾರು ಹಿಂದಕ್ಕೆ ತೆಗೆಯುವಾಗ ಕಂಬಕ್ಕೆ ತಗುಲಿ ಬಂಪರ್ ಸೀಳಿದೆ. ಗ್ಯಾರೇಜಿಗೆ ಹೋದರೆ ಮೊದಲು ಬರುವ ಮಾತು: ‘ಇನ್ಶೂರೆನ್ಸ್ ಇದೆಯಲ್ಲ ಸಾರ್, ಕ್ಲೈಮ್ ಹಾಕಿಬಿಡೋಣ.’ ಕಾರಿನವರಿಗೂ ಅದೇ ಬೇಕಾಗಿರುತ್ತದೆ. ವರ್ಷವರ್ಷವೂ ಕಟ್ಟುತ್ತಲೇ ಬಂದಿದ್ದೇವೆ, ಒಮ್ಮೆಯಾದರೂ ವಾಪಸ್ ಬರಲಿ ಎಂಬ ಆಸೆ. ಕಾರಿನ ವಿಮೆ ಕೈಸುಡುವುದು ಹೆಚ್ಚಾಗಿ ಈ ಆಸೆಯಿಂದಲೇ ಎಂದು ನನ್ನ ಅಭಿಪ್ರಾಯ.

ನಮ್ಮ ಪಾಲಿಸಿಯಲ್ಲಿ ಎರಡು ಭಾಗಗಳಿವೆ. ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ ಥರ್ಡ್ ಪಾರ್ಟಿ. ಅದರ ದರವನ್ನು ಸರ್ಕಾರವೇ ಎಂಜಿನ್ ಗಾತ್ರ ನೋಡಿ ಗೊತ್ತುಮಾಡುತ್ತದೆ. ನಮ್ಮದೇ ಗಾಡಿಯ ರಿಪೇರಿಗೆ ಓನ್ ಡ್ಯಾಮೇಜ್. ನಮ್ಮ ನಡವಳಿಕೆಯಿಂದ ಏರಿಳಿಯುವುದು ಇದು. ಮೊದಲ ವರ್ಷ ಕ್ಲೈಮ್ ಮಾಡದಿದ್ದರೆ ಇದರಲ್ಲಿ ಶೇ 20 ಕಡಿತ. ಹಾಗೇ ಮುಂದುವರಿದರೆ 25, 35, 45, ಐದನೆಯ ವರ್ಷ ದಾಟಿದ ಮೇಲೆ ಶೇ 50. ಇದು ನೋ ಕ್ಲೈಮ್ ಬೋನಸ್. ಅದನ್ನು ಕಾಪಾಡುವ ಪ್ರತ್ಯೇಕ ಆಡ್-ಆನ್ ಕೊಂಡಿಲ್ಲದಿದ್ದರೆ ಒಂದೇ ಕ್ಲೈಮಿಗೆ ಎಲ್ಲವೂ ಸೊನ್ನೆಗೆ ಇಳಿಯುತ್ತದೆ.

ಓನ್ ಡ್ಯಾಮೇಜ್ ಕಂತು 12,000 ರೂಪಾಯಿ ಎಂದುಕೊಳ್ಳಿ. ಅರ್ಧ ಬೋನಸ್ ಇರುವವರು 6,000 ಕಟ್ಟುತ್ತಾರೆ. ಬಂಪರಿಗೆ 4,000, ಬಣ್ಣ ಮತ್ತು ಕೂಲಿಗೆ 2,000, ಒಟ್ಟು 6,000 ರೂಪಾಯಿ ಬಿಲ್ ಆಯಿತು. ಸಾಧಾರಣ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಭಾಗದ ಬೆಲೆಯಲ್ಲಿ ಅರ್ಧವನ್ನು ಸವಕಳಿ ಎಂದು ಕಳೆಯುತ್ತಾರೆ. ಅದರ ಮೇಲೆ ಸಣ್ಣ ಕಾರುಗಳಿಗೆ ಕಡ್ಡಾಯವಾಗಿ 1,000 ರೂಪಾಯಿಯನ್ನು ನಾವೇ ಭರಿಸಬೇಕು. ಬಣ್ಣದಲ್ಲೂ ಒಂದಿಷ್ಟು ಹೋಗುತ್ತದೆ. ಕೊನೆಗೆ ಕಂಪನಿ ಕೊಡುವುದು ಮೂರು ಸಾವಿರದೊಳಗೆ. ಮುಂದಿನ ವರ್ಷ ಕಂತು ಪೂರ್ತಿ 12,000. ಮತ್ತೆ ಮೊದಲಿನಿಂದ ಮೆಟ್ಟಿಲು ಹತ್ತಿದರೆ ಕ್ರಮವಾಗಿ 9,600, 9,000, 7,800, 6,600. ಐದು ವರ್ಷಗಳಲ್ಲಿ ಹೆಚ್ಚಾಗಿ ಕಟ್ಟಿದ್ದು 15,000 ರೂಪಾಯಿ. ಕಾರು ಹಳೆಯದಾದಂತೆ ಅದರ ಬೆಲೆಯೊಂದಿಗೆ ಕಂತೂ ಇಳಿಯುವುದರಿಂದ ಈ ಮೊತ್ತ ಸ್ವಲ್ಪ ಕಡಿಮೆಯಾಗಬಹುದು. ಆದರೂ ಮೂರು ಸಾವಿರಕ್ಕೆ ಕೊಡುವ ಬೆಲೆಯಲ್ಲ ಇದು. ಬಂಪರ್ ಟು ಬಂಪರ್ ಪಾಲಿಸಿ ಇದ್ದವರಿಗೆ ಸವಕಳಿ ಕಳೆಯುವುದಿಲ್ಲ ನಿಜ, ಬೋನಸ್ ಅವರಿಗೂ ಹೋಗುತ್ತದೆ.

ಹಾಗೆಂದು ದೊಡ್ಡ ಪೆಟ್ಟು ಬಿದ್ದಾಗ ಹಿಂಜರಿಯಬೇಕಿಲ್ಲ. ಬಾನೆಟ್ ಮುದುಡಿ ರೇಡಿಯೇಟರ್ ಒಡೆದರೆ ಕ್ಲೈಮ್ ಮಾಡಲೇಬೇಕು, ವಿಮೆ ಇರುವುದೇ ಅದಕ್ಕೆ. ರಿಪೇರಿಗೆ ಒಪ್ಪುವ ಮುನ್ನ ಕಂಪನಿಯಿಂದ ಎಷ್ಟು ಸಿಗುತ್ತದೆ, ಬೋನಸ್ಸಿನಲ್ಲಿ ಎಷ್ಟು ಹೋಗುತ್ತದೆ ಎಂಬ ಎರಡು ಅಂಕಿಗಳನ್ನು ಚೀಟಿಯ ಮೇಲೆ ಬರೆಸಿಕೊಳ್ಳಿ. ಹಳೆಯ ಗೀರುಗಳನ್ನೂ ಇದರಲ್ಲೇ ಸೇರಿಸಿಬಿಡೋಣ ಎಂಬ ಸಲಹೆಗೆ ಮಾತ್ರ ತಲೆಯಾಡಿಸಬೇಡಿ. ಅದು ಸುಳ್ಳು ಕ್ಲೈಮ್.

ಈ ಬೋನಸ್ ಕಾರಿನದ್ದಲ್ಲ, ಮಾಲೀಕರದ್ದು. ಹಳೆಯ ಕಾರು ಮಾರುವಾಗ ವಿಮಾ ಕಂಪನಿಯಿಂದ ಒಂದು ಪತ್ರ ಪಡೆದರೆ ಮೂರು ವರ್ಷದೊಳಗೆ ಕೊಳ್ಳುವ ಹೊಸ ಕಾರಿಗೆ ಅದು ಸಲ್ಲುತ್ತದೆ. ಹೊಸ ಕಾರಿಗೆ ಕಂತು ದೊಡ್ಡದು, ಅದರಲ್ಲಿ ಅರ್ಧ ಉಳಿಯುವುದೆಂದರೆ ಸಣ್ಣ ಮಾತಲ್ಲ. ಷೋರೂಮಿನಲ್ಲಿ ಬಣ್ಣ, ಸೀಟ್ ಕವರ್ ಎಂದು ಗಂಟೆಗಟ್ಟಲೆ ಮಾತಾಡಿದವರೂ ಈ ಪತ್ರವನ್ನು ಮರೆತುಬಿಡುತ್ತಾರೆ. ಇನ್ನೊಂದು ಮರೆವೂ ಇದೆ. 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೆ ಕಟ್ಟಿಸಿಕೊಳ್ಳುತ್ತಾರೆ. ಮೂರು ವರ್ಷ ಇನ್ಶೂರೆನ್ಸ್ ಇದೆ ಎಂಬ ಧೈರ್ಯದಲ್ಲಿ ಎರಡನೆಯ ವರ್ಷ ಓನ್ ಡ್ಯಾಮೇಜ್ ಕಟ್ಟುವುದನ್ನೇ ಬಿಡುವವರಿದ್ದಾರೆ. ಅವಧಿ ಮುಗಿದು 90 ದಿನ ಕಳೆದರೆ ಕೂಡಿಟ್ಟ ಬೋನಸ್ ಪೂರ್ತಿ ಹೋಗುತ್ತದೆ, ಒಂದು ಕ್ಲೈಮನ್ನೂ ಮಾಡದೆ.

ಮಳೆಗಾಲದ ತಪ್ಪು ಎಲ್ಲಕ್ಕಿಂತ ದುಬಾರಿ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆ, ಹೊರವರ್ತುಲ ರಸ್ತೆಯ ಸುತ್ತ ಕಾರುಗಳು ಮುಳುಗಿದ್ದನ್ನು ನೋಡಿದ್ದೇವೆ. ನೆರೆಯಿಂದ ಆಗುವ ಹಾನಿ ಪಾಲಿಸಿಯ ಒಳಗೇ ಬರುತ್ತದೆ. ಆದರೆ ನಿಂತ ನೀರಿನಲ್ಲಿ ಎಂಜಿನ್ ಆಫ್ ಆದಾಗ ಗಾಬರಿಯಿಂದ ಮತ್ತೆ ಮತ್ತೆ ಸ್ಟಾರ್ಟ್ ಮಾಡುತ್ತಾರಲ್ಲ, ಅಲ್ಲಿದೆ ಅಪಾಯ. ಎಂಜಿನ್ ಗಾಳಿಯ ಬದಲು ನೀರನ್ನು ಎಳೆದುಕೊಳ್ಳುತ್ತದೆ. ಗಾಳಿಯಂತೆ ನೀರು ಅದುಮಿದರೆ ಕುಗ್ಗುವುದಿಲ್ಲ, ಹಾಗಾಗಿ ಪಿಸ್ಟನ್ ಮೇಲೇರಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇದು ನೆರೆಯಿಂದ ಆದದ್ದಲ್ಲ, ಸ್ಟಾರ್ಟ್ ಮಾಡಿದ್ದರಿಂದ ಆದದ್ದು ಎಂದು ಕಂಪನಿಗಳು ಎಂಜಿನ್ ಖರ್ಚನ್ನು ನಿರಾಕರಿಸುತ್ತವೆ. ಎಂಜಿನ್ ರಕ್ಷಣೆಯ ಆಡ್-ಆನ್ ಇದ್ದರಷ್ಟೇ ದಾರಿ. ಗಾಡಿ ನೀರಿನಲ್ಲಿ ನಿಂತರೆ ಕೀ ತಿರುಗಿಸದೆ ಇಳಿದು, ಫೋಟೊ ತೆಗೆದು, ಕಂಪನಿಗೆ ತಿಳಿಸಿ, ಟೋ ಮಾಡಿಸುವುದೇ ಸರಿ. ಹಿಂದಿನಿಂದ ಯಾರೆಷ್ಟೇ ಹಾರ್ನ್ ಮಾಡಲಿ.

ವೈಟ್ ಬೋರ್ಡ್ ಕಾರನ್ನು ಮದುವೆ, ಪ್ರವಾಸಗಳಿಗೆ ಬಾಡಿಗೆಗೆ ಬಿಡುವವರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸ್ವಂತ ಬಳಕೆಗೆಂದು ಮಾಡಿಸಿದ ಪಾಲಿಸಿ ಬಾಡಿಗೆ ಓಟದಲ್ಲಿ ಆದ ಹಾನಿಗೆ ಒದಗುವುದಿಲ್ಲ.

ಈವರೆಗೆ ಹೇಳಿದ್ದೆಲ್ಲ ಹಣದ ನಷ್ಟ. ನನ್ನನ್ನು ನಿಜವಾಗಿ ಕಾಡುವುದು ಲೈಸೆನ್ಸ್ ಇಲ್ಲದ ಮಕ್ಕಳ ಕೈಗೆ ಕಾರಿನ ಕೀ ಕೊಡುವ ಅಭ್ಯಾಸ. ‘ಇಲ್ಲೇ ಅಂಗಡಿ ತನಕ ತಾನೆ’ ಎಂದು ಅಪ್ಪಂದಿರೇ ಕೊಡುತ್ತಾರೆ. ಹುಡುಗ ಅಪ್ರಾಪ್ತನಾಗಿದ್ದರೆ 2019ರ ತಿದ್ದುಪಡಿಯಂತೆ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸ; ಗಾಡಿಯ ನೋಂದಣಿಯೂ ಒಂದು ವರ್ಷ ರದ್ದು. ಅಪಘಾತವಾದರೆ ನಮ್ಮ ಕಾರಿನ ರಿಪೇರಿಗೆ ವಿಮೆಯಿಲ್ಲ. ಗಾಯಗೊಂಡವರ ಅಥವಾ ತೀರಿಕೊಂಡವರ ಮನೆಯವರಿಗೆ ಪರಿಹಾರ ಕೊಡುವಂತೆ ನ್ಯಾಯಾಲಯಗಳು ಎಷ್ಟೋ ಪ್ರಕರಣಗಳಲ್ಲಿ ವಿಮಾ ಕಂಪನಿಗೆ ಆದೇಶಿಸಿವೆ. ನೊಂದ ಕುಟುಂಬ ಬರಿಗೈಯಲ್ಲಿ ಹೋಗಬಾರದು ಎಂಬ ಈ ನಿಲುವು ನ್ಯಾಯವಾದದ್ದೇ. ಆದರೆ ಕಂಪನಿ ಕೊಟ್ಟ ಅಷ್ಟೂ ಹಣವನ್ನು ಆಮೇಲೆ ಕಾರಿನ ಮಾಲೀಕರಿಂದ ವಸೂಲಿ ಮಾಡಲು ಅದೇ ಆದೇಶದಲ್ಲಿ ಅನುಮತಿಯಿರುತ್ತದೆ. ದುಡಿಯುವ ಜೀವ ಹೋಗಿದ್ದರೆ ಆ ಮೊತ್ತ ಹತ್ತಾರು ಲಕ್ಷ ಮುಟ್ಟುತ್ತದೆ.