ಒಂಬತ್ತನೆಯ ಭಯ

ಮುಂಡರಗಿ ಸೀಮೆಯ ಡಂಬಳದ 1095ರ ಶಾಸನವೊಂದು ಬೌದ್ಧರ ತಾರಾದೇವಿಯನ್ನು ಸ್ತುತಿಸುತ್ತದೆ. ಹದಿನಾರು ಸೆಟ್ಟಿಗಳು ಇಲ್ಲಿ ವಿಹಾರ ಕಟ್ಟಿಸಿದ್ದನ್ನೂ ಅದು ಹೇಳುತ್ತದೆ. ಸಿಂಹ, ಆನೆ, ಬೆಂಕಿ, ಹಾವು, ಕಳ್ಳರು, ಸಂಕೋಲೆ, ನೀರು, ಪಿಶಾಚಿ ಎಂಬ ಎಂಟು ಭಯಗಳಿಂದ ತಾರೆ ಕಾಯುತ್ತಾಳೆಂಬುದು ಅಂದಿನವರ ನಂಬಿಕೆ. ಹೊಸಿಲು ದಾಟದವನಿಗಿಂತ ದಾರಿ ಹಿಡಿದವನಿಗೇ ಇಂಥ ತಾಯಿ ಹೆಚ್ಚು ಬೇಕು. ಊರೂರು ತಿರುಗುವ ವ್ಯಾಪಾರಿಗಳು ಅವಳಿಗೆ ಮನೆ ಕಟ್ಟಿದ್ದು ಸಹಜವೇ.

ಈಗಲೂ ಮುಂಡರಗಿ, ಶಿರಹಟ್ಟಿ ಸೀಮೆಯ ಹಳ್ಳಿ, ತಾಂಡಾಗಳಿಂದ ಜನ ದಾರಿ ಹಿಡಿಯುತ್ತಾರೆ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ, ವಯಸ್ಸಾದವರನ್ನು ಊರಲ್ಲಿ ಬಿಟ್ಟು, ಮಂಗಳೂರಿಗೋ ಗಡಿಯಾಚೆ ಗೋವಾಕ್ಕೋ ಗುಳೆ ಹೋಗುತ್ತಾರೆ. ಅವರ ಬೆನ್ನಿಗೆ ಆ ಎಂಟರಲ್ಲಿಲ್ಲದ ಇನ್ನೊಂದು ಭಯವಿದೆ: ಸತ್ತರೆ ಹೆಸರು ಹಿಡಿದು ಅಳುವವರಿಲ್ಲದ ಜಾಗದಲ್ಲಿ ಸಾಯುವುದು. 2014ರ ಜನವರಿ 4ರಂದು ಕಾರವಾರದ ಗಡಿಗೆ ಅಂಟಿಕೊಂಡ ಗೋವಾದ ಕಾಣಕೋಣದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 30ಕ್ಕೂ ಹೆಚ್ಚು ಕೂಲಿಕಾರರು ಸತ್ತರು. ಬಹುತೇಕರು ದೂರದ ಊರುಗಳಿಂದ ದುಡಿಯಲು ಬಂದವರು. ಸತ್ತದ್ದು ಒಂದೂರಲ್ಲಿ, ಅತ್ತದ್ದು ಇನ್ನೊಂದೂರಲ್ಲಿ.

ಇದೇ ಗಡಿಯನ್ನು ಒಂದು ಕಾಲಕ್ಕೆ ಜನ ಆ ಕಡೆಯಿಂದ ಈ ಕಡೆಗೆ ದಾಟಿದ್ದರು. ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ಗೋವಾ ಬಿಟ್ಟ ಕ್ಯಾಥೊಲಿಕರು ಕನ್ನಡ ಕರಾವಳಿಯಲ್ಲಿ ನೆಲೆ ನಿಂತರು. ಅವರ ಸೇವೆಗೆಂದು 1681ರಲ್ಲಿ ಬಂದವರು ಗೋವಾದ ಬಾಣಾವಲಿಯಲ್ಲಿ ಹುಟ್ಟಿದ ಪಾದ್ರಿ ಜೋಸೆಫ್ ವಾಜ್. ಮೂರು ವರ್ಷ ಇಲ್ಲಿದ್ದು ಮರಳಿದ ಅವರು 1687ರಲ್ಲಿ ಸಿಂಹಳ ತಲುಪಿದರು. ಡಚ್ಚರು ಅಲ್ಲಿ ಕ್ಯಾಥೊಲಿಕ್ ಪಾದ್ರಿಗಳನ್ನು ನಿಷೇಧಿಸಿದ್ದರಿಂದ ಕೂಲಿಯವನ ವೇಷದಲ್ಲೇ ಹೋಗಬೇಕಾಯಿತು. 1697ರಲ್ಲಿ ಅಲ್ಲಿನ ಕ್ಯಾಂಡಿಗೆ ಸಿಡುಬು ಬಂತು. ಮನೆಯವರೇ ರೋಗಿಗಳನ್ನು ಬಿಟ್ಟು ಓಡಿದಾಗ ವಾಜ್ ಗಾಯ ತೊಳೆದರು, ಉಣಿಸಿದರು, ಸತ್ತವರನ್ನು ಮಣ್ಣು ಮಾಡಿದರು. ಯಾವ ಧರ್ಮದವರೆಂದು ಕೇಳಲಿಲ್ಲ. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ವಾಜ್ ಅವರನ್ನು ಸಂತರೆಂದು ಸಾರಿದರು.

ಅದೇ ಪೋಪರು ಪಟ್ಟಕ್ಕೆ ಬಂದ ವರ್ಷ, 2013ರ ಜುಲೈ 8ರಂದು, ರೋಮಿನ ಹೊರಗಿನ ಮೊದಲ ಪಯಣಕ್ಕೆ ಆರಿಸಿಕೊಂಡದ್ದು ಲ್ಯಾಂಪೆಡೂಸಾ ದ್ವೀಪವನ್ನು. ಆಫ್ರಿಕಾದಿಂದ ದೋಣಿಯಲ್ಲಿ ಹೊರಟ ಎಷ್ಟೋ ಜನ ಆ ಸಮುದ್ರದಲ್ಲೇ ಮುಳುಗಿದ್ದರು. ಪೋಪ್ ನೀರಿಗೆ ಹೂಮಾಲೆ ಬಿಟ್ಟರು. ಇವರಿಗಾಗಿ ನಮ್ಮಲ್ಲಿ ಯಾರು ಅತ್ತಿದ್ದಾರೆಂದು ಕೇಳಿದರು.

ಈ ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಕೂಲಿ, ಪರಿಹಾರ, ಶವ ಊರಿಗೆ ತರುವ ಗಾಡಿ, ಇವೆಲ್ಲ ಬೇಕೇ ಬೇಕು, ಸರ್ಕಾರ ಕೊಡಲೇಬೇಕು. ಆದರೆ ಅಳುವುದನ್ನು ಯಾವ ಕಚೇರಿಯೂ ನಮ್ಮ ಪರವಾಗಿ ಮಾಡಲಾರದು. ಮಗನನ್ನು ಕಳೆದುಕೊಂಡವಳಿಗೆ ‘ಯಾಕೆ’ ಎಂಬುದಕ್ಕೆ ಪಾದ್ರಿಯಾಗಲಿ ಸ್ವಾಮಿಯಾಗಲಿ ಉತ್ತರ ಕೊಟ್ಟಾರೆಂದು ನನಗನಿಸದು. ಪಕ್ಕದಲ್ಲಿ ಕೂತು, ಅವನ ಹೆಸರು ಕೇಳಿ, ಅವನು ಹೇಗಿದ್ದನೆಂದು ಅವಳ ಬಾಯಿಂದಲೇ ಕೇಳಿಸಿಕೊಳ್ಳಬಹುದು. ವಾಜ್ ಕ್ಯಾಂಡಿಯಲ್ಲಿ ಮಾಡಿದ್ದೂ ಬಿಟ್ಟು ಹೋಗದೆ ಜೊತೆಗಿದ್ದದ್ದೇ.

ಅನ್ಯಮತದ ಸೇವೆಯನ್ನು ಅನುಮಾನದಿಂದ ನೋಡುವ ಕಾಲವಿದು. ಆದರೆ ಡಂಬಳ ಹೇಳುವ ಪಾಠ ಬೇರೆ. ಬೌದ್ಧ ವಿಹಾರವೂ ದೊಡ್ಡಬಸಪ್ಪನ ಗುಡಿಯೂ ಕಂಡ ನೆಲವಿದು. ಡಂಬಳದ ಹೆಸರು ಹೊತ್ತ ತೋಂಟದಾರ್ಯ ಪೀಠದ ಲಿಂಗೈಕ್ಯ ಸಿದ್ಧಲಿಂಗ ಸ್ವಾಮಿಗಳು ಕೋಮು ಸೌಹಾರ್ದಕ್ಕಾಗಿಯೇ ನಾಡಿನ ಗೌರವ ಪಡೆದವರು. ಗುಳೆ ಹೋದವರು ಎಲ್ಲಿದ್ದಾರೆ, ಹೇಗಿದ್ದಾರೆ ಎಂದು ವಿಚಾರಿಸುವುದು ಊರಿನ ಕೆಲಸವೇ ಆಗಲಿ. ದೂರದ ರಾಜ್ಯಗಳಿಂದ ನಮ್ಮ ಜಿಲ್ಲೆಗೆ ದುಡಿಯಲು ಬಂದವರ ಹೆಸರನ್ನೂ ಊರನ್ನೂ ಅವರು ಬದುಕಿರುವಾಗಲೇ ನಾವು ಕೇಳಿ ತಿಳಿದಿರೋಣ. ಒಂಬತ್ತನೆಯ ಭಯದಿಂದ ಕಾಯುವ ಹೊಣೆ ಮನುಷ್ಯರದು.