ಫ್ರೆಡ್ಡಿ ಮರ್ಕ್ಯುರಿಯ ಅಭಿಮಾನಿಗಳು: ಸಮಾಧಿಯಿಲ್ಲದ ಸ್ಮರಣೆ

ಕ್ವೀನ್ ತಂಡದ ಗಾಯಕ ಫ್ರೆಡ್ಡಿ ಮರ್ಕ್ಯುರಿ ತೀರಿಕೊಂಡದ್ದು 1991ರ ನವೆಂಬರ್ 24ರಂದು, ಲಂಡನ್ನಿನ ಕೆನ್ಸಿಂಗ್ಟನ್‌ನಲ್ಲಿದ್ದ ಗಾರ್ಡನ್ ಲಾಡ್ಜ್ ಎಂಬ ತಮ್ಮ ಮನೆಯಲ್ಲಿ. ಆಗ ಅವರಿಗೆ 45 ವರ್ಷ. ತಮಗೆ ಏಡ್ಸ್ ಇದೆಯೆಂದು ಅವರು ಲೋಕಕ್ಕೆ ತಿಳಿಸಿದ್ದು ಸಾವಿಗೆ ಒಂದೇ ದಿನ ಮೊದಲು. ಮೂರು ದಿನ ಕಳೆದ ಮೇಲೆ ಪಶ್ಚಿಮ ಲಂಡನ್ ಚಿತಾಗಾರದಲ್ಲಿ ಜರತುಷ್ಟ್ರ ಧರ್ಮದ ವಿಧಿಯಂತೆ ಅಂತ್ಯಕ್ರಿಯೆ ನಡೆಯಿತು. ಚಿತಾಭಸ್ಮ ಬಹುಕಾಲದ ಒಡನಾಡಿ ಮೇರಿ ಆಸ್ಟಿನ್ ಅವರ ಕೈಸೇರಿತು. ಅದನ್ನು ಎಲ್ಲಿಟ್ಟರೆಂಬುದನ್ನು ಅವರು ಇಂದಿಗೂ ಬಹಿರಂಗಪಡಿಸಿಲ್ಲ. ಎಲ್ವಿಸ್ ಪ್ರೀಸ್ಲಿಯ ಅಭಿಮಾನಿಗಳಿಗೆ ಮೆಂಫಿಸ್‌ನ ಗ್ರೇಸ್‌ಲ್ಯಾಂಡ್ ಇದೆ. ಜಿಮ್ ಮಾರಿಸನ್‌ನನ್ನು ಮೆಚ್ಚಿದವರು ಪ್ಯಾರಿಸ್ಸಿನ ಪೇರ್ ಲಾಶೇಸ್ ಸ್ಮಶಾನಕ್ಕೆ ಹೋಗಿ ಹೂವಿಟ್ಟು ಬರುತ್ತಾರೆ. ಮರ್ಕ್ಯುರಿಯನ್ನು ಪ್ರೀತಿಸುವವರಿಗೆ ಅಂಥ ಒಂದು ತಾಣವಿಲ್ಲ. ಈ ಇಲ್ಲದಿರುವಿಕೆಯೇ ಒಂದು ಹಳೆಯ ತಾತ್ತ್ವಿಕ ಪ್ರಶ್ನೆಯನ್ನು ಎದುರಿಗೆ ತಂದು ನಿಲ್ಲಿಸುತ್ತದೆ: ಕಲಾವಿದ ಸತ್ತ ಮೇಲೂ ಮುಂದುವರಿಯುವ ಪ್ರೀತಿ ಯಾವುದಕ್ಕೆ ಸಲ್ಲುತ್ತದೆ? ಮನುಷ್ಯನಿಗೋ, ಹಾಡಿಗೋ, ಹಾಡು ಕೇಳಿದ ತನ್ನದೇ ಬದುಕಿಗೋ? ಅದನ್ನು ಭಕ್ತಿ ಎನ್ನಬಹುದೆ?

ಮರ್ಕ್ಯುರಿ ಹುಟ್ಟಿದ ಸಂಪ್ರದಾಯದಲ್ಲಿ ಗೋರಿ ಇಲ್ಲದಿರುವುದು ಕೊರತೆಯಲ್ಲ. 1946ರ ಸೆಪ್ಟೆಂಬರ್ 5ರಂದು ಜಂಜಿಬಾರ್‌ನಲ್ಲಿ ಪಾರ್ಸಿ ದಂಪತಿಯ ಮಗನಾಗಿ ಹುಟ್ಟಿದಾಗ ಇಟ್ಟ ಹೆಸರು ಫಾರೂಖ್ ಬುಲ್ಸಾರಾ. ಓದಿದ್ದು ಮಹಾರಾಷ್ಟ್ರದ ಪಂಚಗಣಿಯ ಸೇಂಟ್ ಪೀಟರ್ಸ್ ವಸತಿ ಶಾಲೆಯಲ್ಲಿ. ಫ್ರೆಡ್ಡಿ ಎಂಬ ಹೆಸರು ಬಂದದ್ದೂ, ಮೊದಲ ತಂಡ ದಿ ಹೆಕ್ಟಿಕ್ಸ್ ಕಟ್ಟಿಕೊಂಡದ್ದೂ ಅಲ್ಲಿಯೇ. 1964ರ ಜಂಜಿಬಾರ್ ಕ್ರಾಂತಿಯಲ್ಲಿ ಕುಟುಂಬ ಊರು ಬಿಟ್ಟು ಇಂಗ್ಲೆಂಡಿಗೆ ಬಂತು. ಪಾರ್ಸಿಗಳ ನಂಬಿಕೆಯಂತೆ ಸತ್ತವರ ಆತ್ಮ ಮೂರು ರಾತ್ರಿ ದೇಹದ ಬಳಿಯೇ ಇದ್ದು ನಾಲ್ಕನೆಯ ಬೆಳಗಿನಲ್ಲಿ ಇಹಪರಗಳ ನಡುವಣ ಚಿನ್ವತ್ ಸೇತುವೆಗೆ ಹೊರಡುತ್ತದೆ. ವರ್ಷದ ಕೊನೆಯಲ್ಲಿ ಬರುವ ಮುಕ್ತಾದ್ ದಿನಗಳಲ್ಲಿ ಅಗಲಿದವರಿಗಾಗಿ ಹೂದಾನಿಗಳನ್ನಿಟ್ಟು, ಅವರ ಹೆಸರು ಹೇಳಿ, ಪ್ರಾರ್ಥನೆ ಸಲ್ಲಿಸುತ್ತಾರೆ. ಅಲ್ಲಿ ಸ್ಮರಣೆ ಕಲ್ಲಿಗೆ ಅಂಟಿಕೊಂಡಿಲ್ಲ. ಹೆಸರು ಮತ್ತು ಉಚ್ಚಾರಣೆಯಲ್ಲಿ ಉಳಿಯುತ್ತದೆ. ಮರ್ಕ್ಯುರಿ ದೊಡ್ಡವರಾದ ಮೇಲೆ ಈ ಧರ್ಮವನ್ನು ಕಟ್ಟುನಿಟ್ಟಾಗಿ ಆಚರಿಸಿದವರಲ್ಲ. ಆದರೂ ಅವರ ಕೊನೆಯ ವಿಧಿ ನಡೆದದ್ದು ಅದರ ಪುರೋಹಿತರ ಕೈಯಲ್ಲಿ.

ಅಭಿಮಾನಿಗಳಿಗೆ ಮಾತ್ರ ತಾಣ ಬೇಕಾಗಿತ್ತು, ಅದನ್ನು ಅವರೇ ಕಂಡುಕೊಂಡರು. ಗಾರ್ಡನ್ ಲಾಡ್ಜ್‌ನ ಎತ್ತರದ ಇಟ್ಟಿಗೆ ಗೋಡೆ ಮತ್ತು ಹಸಿರು ಬಾಗಿಲು ಜಗತ್ತಿನ ನಾನಾ ಭಾಷೆಗಳ ಬರಹದಿಂದ ತುಂಬಿದವು. ಸ್ವಿಟ್ಜರ್ಲೆಂಡಿನ ಮಾಂಟ್ರೂ ಪಟ್ಟಣದಲ್ಲಿ, ಜಿನೀವಾ ಸರೋವರದ ದಡದಲ್ಲಿ, ಇರೆನಾ ಸೆಡ್ಲೆಟ್ಸ್ಕಾ ರೂಪಿಸಿದ ಕಂಚಿನ ಪ್ರತಿಮೆ 1996ರ ನವೆಂಬರ್‌ನಲ್ಲಿ ಅನಾವರಣಗೊಂಡಿತು. ಆ ಊರಿನ ಮೌಂಟನ್ ಸ್ಟುಡಿಯೋಸ್ ಒಮ್ಮೆ ಕ್ವೀನ್ ತಂಡದ ಸ್ವತ್ತಾಗಿತ್ತು; ಮರ್ಕ್ಯುರಿ ಕೊನೆಯ ಹಾಡುಗಳನ್ನು ಹಾಡಿದ್ದು ಅಲ್ಲಿ. 2013ರಲ್ಲಿ ಲಂಡನ್ನಿನ ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿ ಫಾರೂಖ್ ಬುಲ್ಸಾರಾ ಎಂಬ ಹೆಸರು ಹೊತ್ತ ಚಿಕ್ಕ ಫಲಕವೊಂದು ಕಾಣಿಸಿಕೊಂಡಿತು, ಸುದ್ದಿಯಾಯಿತು, ಸ್ವಲ್ಪ ದಿನಗಳಲ್ಲೇ ಮಾಯವೂ ಆಯಿತು. ಅಭಿಮಾನಿಗಳಲ್ಲಿ ಹಲವರು ಗೋರಿ ಹುಡುಕುವುದನ್ನು ಅಲ್ಲಿಗೇ ಬಿಟ್ಟರು. ಹೇಳಬಾರದೆಂದು ಆತ ಬಯಸಿದ್ದನ್ನು ಕೆದಕುವುದು ಪ್ರೀತಿಯ ಲಕ್ಷಣವಲ್ಲ ಎಂಬ ಈ ಸಂಯಮ ಹೆಚ್ಚಿನ ಗೌರವಕ್ಕೆ ಅರ್ಹವಾದದ್ದು.

ಎಂದೂ ಭೇಟಿಯಾಗದ ವ್ಯಕ್ತಿಗಾಗಿ ಪಡುವ ದುಃಖ ನಿಜವಾದ ದುಃಖವೇ ಎಂದು ಕೇಳುವವರಿದ್ದಾರೆ. ಅರಿಸ್ಟಾಟಲ್‌ನ ನೀತಿಶಾಸ್ತ್ರದ ಪ್ರಕಾರ ಸ್ನೇಹಕ್ಕೆ ಪರಸ್ಪರತೆ ಬೇಕು: ಇಬ್ಬರೂ ಒಬ್ಬರಿಗೊಬ್ಬರು ಒಳಿತನ್ನು ಬಯಸಬೇಕು, ಬಯಸುತ್ತಿರುವುದು ಇಬ್ಬರಿಗೂ ತಿಳಿದಿರಬೇಕು. ಈ ಅಳತೆಯಲ್ಲಿ ಅಭಿಮಾನಿ ಸ್ನೇಹಿತನಲ್ಲ. 1956ರಲ್ಲಿ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಅಮೆರಿಕದ ವಿದ್ವಾಂಸರು ಟೆಲಿವಿಷನ್ ಮತ್ತು ರೇಡಿಯೋದ ಪ್ರೇಕ್ಷಕರಲ್ಲಿ ಬೆಳೆಯುವ ಇಂಥ ಏಕಮುಖ ಆಪ್ತತೆಯನ್ನು ವಿವರಿಸಿದ್ದರು. ಅಲ್ಲಿಂದೀಚೆಗೆ ಇದನ್ನು ಒಂದು ಬಗೆಯ ಭ್ರಮೆಯೆಂದು ಕಾಣುವ ರೂಢಿ ಬೆಳೆದಿದೆ. ಈ ವಾದ ಒಂದು ಸಂಗತಿಯನ್ನು ಮರೆಯುತ್ತದೆ. ಗಾಯಕ ಕೇಳುಗನನ್ನು ಅರಿಯದಿರಬಹುದು. ಕೇಳುಗನಿಗೆ ಗಾಯಕನಿಂದ ಬಂದದ್ದಂತೂ ಕಲ್ಪನೆಯದಲ್ಲ. ಹದಿನಾರರ ವಯಸ್ಸಿನ ಒಂಟಿತನದಲ್ಲಿ ಒಂದು ದನಿ ಜೊತೆಗಿದ್ದರೆ, ಆ ಜೊತೆ ನಡೆದ ಸಂಗತಿಯೇ. ಪಡೆದದ್ದು ನಿಜವಾದರೆ ಋಣ ನಿಜ, ಋಣ ನಿಜವಾದರೆ ಕೊಟ್ಟವನು ಹೋದಾಗಿನ ದುಃಖವೂ ನಿಜ. ಅರಿಸ್ಟಾಟಲ್ ಸ್ನೇಹದ ಬಗ್ಗೆ ಹೇಳಿದ್ದು ಸರಿ. ಅಭಿಮಾನಿಯ ಭಾವ ಕೃತಜ್ಞತೆಗೆ ಸೇರಿದ್ದು, ಕೃತಜ್ಞತೆಗೆ ಪರಸ್ಪರತೆಯ ಷರತ್ತಿಲ್ಲ.

ಭಾರತೀಯ ಕಾವ್ಯಮೀಮಾಂಸೆ ಇದೇ ಪ್ರಶ್ನೆಯನ್ನು ಬೇರೆ ಬಾಗಿಲಿನಿಂದ ಹೊಕ್ಕಿದೆ. ಭಟ್ಟನಾಯಕ ಮುಂದಿಟ್ಟ, ಅಭಿನವಗುಪ್ತ ಬೆಳೆಸಿದ ಸಾಧಾರಣೀಕರಣದ ತತ್ತ್ವ ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯ ಮೂಲಕ ಕನ್ನಡ ಓದುಗರಿಗೆ ಪರಿಚಿತ. ರಂಗದ ಮೇಲಿನ ಶೋಕ ಯಾವ ಒಬ್ಬನದೂ ಆಗಿರದೆ ಎಲ್ಲರದೂ ಆಗಿ ಕರುಣರಸವಾಗುತ್ತದೆ; ಶೋಕದ ನಡುವೆಯೇ ಆಸ್ವಾದ ಸಾಧ್ಯವಾಗುವುದು ಅದರಿಂದ. ರಾಕ್ ಗಾಯಕನ ಸಾವು ಈ ಏರ್ಪಾಡನ್ನು ಕಲಕುತ್ತದೆ. 1991ರ ಫೆಬ್ರವರಿಯಲ್ಲಿ ಬಂದ ‘ಇನ್ಯುಯೆಂಡೋ’ ಆಲ್ಬಂನ ಕೊನೆಯ ಹಾಡು ‘ದಿ ಶೋ ಮಸ್ಟ್ ಗೋ ಆನ್’. ಅದನ್ನು ಮುಖ್ಯವಾಗಿ ಬರೆದವರು ಗಿಟಾರ್ ವಾದಕ ಬ್ರಿಯಾನ್ ಮೇ. ಹಾಡಿದಾಗ ಮರ್ಕ್ಯುರಿ ತೀವ್ರ ಅಸ್ವಸ್ಥರು. ಆ ವರ್ಷದ ಶುರುವಿನಲ್ಲಿ ಕೇಳಿದವರಿಗೆ ಅದು ರಂಗಕರ್ಮಿಯೊಬ್ಬನ ಹಾಡು. ನವೆಂಬರ್ ಕಳೆದ ಮೇಲೆ ಅದೇ ಧ್ವನಿಮುದ್ರಣ ಸಾಯುತ್ತಿರುವವನ ಮಾತಾಗಿ ಕೇಳತೊಡಗಿತು. ಹಾಡಿನೊಳಗಿನ ‘ನಾನು’ ಎಲ್ಲರವನಾಗಿದ್ದದ್ದು ಒಬ್ಬ ನಿರ್ದಿಷ್ಟ ಮನುಷ್ಯನಿಗೆ ಮರಳಿತು. ಒಂದು ಸ್ವರವೂ ಬದಲಾಗಿರಲಿಲ್ಲ. ಹೀಗೆ ಜೀವನಚರಿತ್ರೆ ಹಾಡನ್ನು ನುಂಗುವುದು ರಸಾನುಭವಕ್ಕೆ ವಿಘ್ನ ಎಂದು ಅಭಿನವಗುಪ್ತನ ಅನುಯಾಯಿ ಆಕ್ಷೇಪಿಸಬಹುದು. ಆದರೆ ಸಹೃದಯನಾದ ಅಭಿಮಾನಿ ಎರಡನ್ನೂ ಏಕಕಾಲಕ್ಕೆ ಕೇಳಬಲ್ಲ: ಕಟ್ಟಿದ ಕೃತಿಯನ್ನೂ, ಅದನ್ನು ಹಾಡಲು ಒಬ್ಬ ಮನುಷ್ಯ ಕೊಟ್ಟ ಕೊನೆಯ ಉಸಿರಿನ ಬಲವನ್ನೂ. ಅಂಥ ಕೇಳುವಿಕೆಯಿಂದ ಹಾಡು ಚಿಕ್ಕದಾಗುವುದಿಲ್ಲ.

ಹಾಡೆಂಬ ಕೃತಿ ಇರುವುದಾದರೂ ಎಲ್ಲಿ? ತತ್ತ್ವಜ್ಞ ಥಿಯೋಡೋರ್ ಗ್ರೇಸಿಕ್ 1996ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ರಾಕ್ ಸಂಗೀತದ ಮೂಲ ಕೃತಿ ಬರೆದಿಟ್ಟ ರಚನೆಯೂ ಅಲ್ಲ, ವೇದಿಕೆಯ ಪ್ರದರ್ಶನವೂ ಅಲ್ಲ, ಸ್ಟುಡಿಯೋದಲ್ಲಿ ಕಟ್ಟಿದ ಧ್ವನಿಮುದ್ರಣವೇ ಎಂದು ವಾದಿಸಿದರು. ಈ ವಾದಕ್ಕೆ ‘ಬೊಹೀಮಿಯನ್ ರಾಪ್ಸಡಿ’ಗಿಂತ ಒಳ್ಳೆಯ ಸಾಕ್ಷಿ ಸಿಗದು. 1975ರಲ್ಲಿ ವಾರಗಟ್ಟಲೆ ಕೂತು, ಮರ್ಕ್ಯುರಿ, ಮೇ ಮತ್ತು ಡ್ರಮ್ಮರ್ ರಾಜರ್ ಟೇಲರ್ ತಮ್ಮ ಮೂರೇ ದನಿಗಳನ್ನು ಪದರದ ಮೇಲೆ ಪದರವಾಗಿ ಟೇಪಿಗೆ ಹತ್ತಿಸಿ, ಆರು ನಿಮಿಷದ ಹಾಡಿನ ನಡುವಣ ಆಪೆರಾ ಭಾಗವನ್ನು ಇಡೀ ಗಾಯನವೃಂದದಂತೆ ಕೇಳುವ ಹಾಗೆ ಕಟ್ಟಿದರು. ಅದನ್ನು ವೇದಿಕೆಯಲ್ಲಿ ಹಾಡಲು ಅವರಿಗೇ ಸಾಧ್ಯವಿರಲಿಲ್ಲ. ಆ ಭಾಗ ಬಂದಾಗ ಕಲಾವಿದರು ನೇಪಥ್ಯಕ್ಕೆ ಸರಿಯುತ್ತಿದ್ದರು, ಟೇಪು ನುಡಿಯುತ್ತಿತ್ತು, ಬಳಿಕ ಗಿಟಾರಿನ ಅಬ್ಬರದೊಂದಿಗೆ ಮರಳುತ್ತಿದ್ದರು. ಮರ್ಕ್ಯುರಿ ಬದುಕಿದ್ದಾಗಲೂ ಅವರ ಅತಿ ಪ್ರಸಿದ್ಧ ಹಾಡಿನ ಹೃದಯಭಾಗ ಅವರ ಗೈರುಹಾಜರಿಯಲ್ಲೇ ಕೇಳಿಸುತ್ತಿತ್ತು. ಈ ಅರ್ಥದಲ್ಲಿ ಸಾವು ಕೃತಿಯಿಂದ ಏನನ್ನೂ ಕಸಿಯಲಿಲ್ಲ. 1975ರ ಕ್ರಿಸ್‌ಮಸ್‌ನಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯ ತುದಿಯಲ್ಲಿದ್ದ ಅದೇ ಮುದ್ರಣ 1991ರ ಕ್ರಿಸ್‌ಮಸ್‌ನಲ್ಲಿ ಮತ್ತೆ ಮೊದಲ ಸ್ಥಾನಕ್ಕೇರಿತು. ಅದರ ಹಣ ಏಡ್ಸ್ ಪೀಡಿತರಿಗಾಗಿ ದುಡಿಯುತ್ತಿದ್ದ ಟೆರೆನ್ಸ್ ಹಿಗಿನ್ಸ್ ಟ್ರಸ್ಟ್‌ಗೆ ಹೋಯಿತು.

ಆದರೂ ಧ್ವನಿಮುದ್ರಣವೇ ಎಲ್ಲವೂ ಎಂದರೆ ಮರ್ಕ್ಯುರಿಯ ಅರ್ಧ ಪ್ರತಿಭೆ ಕೈಬಿಟ್ಟು ಹೋಗುತ್ತದೆ. 1985ರ ಜುಲೈ 13ರಂದು ವೆಂಬ್ಲಿ ಕ್ರೀಡಾಂಗಣದ ಲೈವ್ ಏಡ್ ಕಾರ್ಯಕ್ರಮದಲ್ಲಿ ಅವರು ಪದಗಳೇ ಇಲ್ಲದ ಆಲಾಪದ ತುಣುಕುಗಳನ್ನು ಎಸೆದರು, ಸುಮಾರು 72,000 ಜನ ಒಂದೇ ಕೊರಳಾಗಿ ಅದನ್ನು ಹಿಂತಿರುಗಿಸಿದರು. ‘ರೇಡಿಯೋ ಗಾ ಗಾ’ ಹಾಡಿಗೆ ಇಡೀ ಕ್ರೀಡಾಂಗಣದ ಕೈಗಳು ತಲೆಯ ಮೇಲೆ ಒಟ್ಟಿಗೆ ಚಪ್ಪಾಳೆ ತಟ್ಟಿದವು. ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕ್‌ಹೈಮ್ 1912ರ ತಮ್ಮ ಗ್ರಂಥದಲ್ಲಿ, ಗುಂಪಾಗಿ ಸೇರಿದವರಲ್ಲಿ ಉಕ್ಕುವ ಇಂಥ ಸಾಮೂಹಿಕ ಆವೇಶವೇ ಧಾರ್ಮಿಕ ಭಾವದ ಮೂಲವೆಂದು ಹೇಳಿದ್ದರು. ವ್ಯಕ್ತಿ ತನಗಿಂತ ದೊಡ್ಡದೊಂದು ಶಕ್ತಿಯನ್ನು ಅನುಭವಿಸುತ್ತಾನೆ, ಆ ಶಕ್ತಿ ಸಮುದಾಯದ್ದೇ ಎಂಬುದು ಅವರ ನಿಲುವು. ಅದು ಸರಿಯೋ ತಪ್ಪೋ ಎಂದು ಒರೆಗೆ ಹಚ್ಚಲು 2012ರ ಆಗಸ್ಟ್ 12ರ ರಾತ್ರಿಯನ್ನು ನೋಡಬೇಕು. ಲಂಡನ್ ಒಲಿಂಪಿಕ್ಸ್‌ನ ಸಮಾರೋಪದಲ್ಲಿ ದೊಡ್ಡ ತೆರೆಯ ಮೇಲೆ ಮರ್ಕ್ಯುರಿಯ ಹಳೆಯ ದೃಶ್ಯ ಮೂಡಿತು. ಸತ್ತು ಎರಡು ದಶಕ ಕಳೆದವರು ಸ್ವರ ಎಸೆದರು, ಬದುಕಿದ್ದ ಇಡೀ ಕ್ರೀಡಾಂಗಣ ಉತ್ತರಿಸಿತು. ಡರ್ಕ್‌ಹೈಮ್‌ರ ಲೆಕ್ಕದಲ್ಲಿ ಆವೇಶಕ್ಕೆ ಸೇರಿದ ಜನ ಸಾಕು. ಅಂದಿನ ಜನ ಉತ್ತರಿಸಿದ್ದು ಮಾತ್ರ ಒಂದು ನಿರ್ದಿಷ್ಟ ಕರೆಗೆ, ಆ ಕೊರಳಿನ ಹುಡುಗಾಟಕ್ಕೆ, ಆ ಸವಾಲಿಗೆ. ಬೇರೆ ಯಾರ ಚಿತ್ರ ತೋರಿಸಿದ್ದರೂ ಅದೇ ನಡೆಯುತ್ತಿತ್ತು ಎನ್ನಲಾಗದು. ಸಮುದಾಯ ತನ್ನನ್ನೇ ಪೂಜಿಸಿಕೊಳ್ಳುತ್ತದೆಂಬ ವಿವರಣೆಗೆ ಈ ‘ಒಬ್ಬ’ ದಕ್ಕುವುದಿಲ್ಲ.

ಮರಣಾನಂತರದ ಕೃತಿಗಳ ವಿಷಯದಲ್ಲಿ ನೈತಿಕ ಪ್ರಶ್ನೆಯೂ ಇದೆ. 1995ರ ‘ಮೇಡ್ ಇನ್ ಹೆವನ್’ ಆಲ್ಬಂನ ‘ಮದರ್ ಲವ್’ ಹಾಡಿನ ಕೊನೆಯ ಚರಣವನ್ನು ಮರ್ಕ್ಯುರಿ ಹಾಡಲಾಗಲಿಲ್ಲ. ಅದನ್ನು ಮೇ ಹಾಡಿ ಮುಗಿಸಿದರು. ಕೊನೆಯ ತಿಂಗಳುಗಳಲ್ಲಿ ಮರ್ಕ್ಯುರಿಯೇ ಇನ್ನಷ್ಟು ಹಾಡಲು ಕೊಡಿ, ಉಳಿದದ್ದನ್ನು ನೀವು ಪೂರೈಸಿ ಎಂಬ ಧಾಟಿಯಲ್ಲಿ ಒತ್ತಾಯಿಸಿದ್ದರೆಂದು ಸಂಗಡಿಗರು ಹೇಳಿಕೊಂಡಿದ್ದಾರೆ. ಹೀಗಾಗಿ ಆ ಆಲ್ಬಂ ಸಮ್ಮತಿಯ ಮೇಲೆ ನಿಂತಿದೆ. 1988ರ ಸುಮಾರಿಗೆ ಹಾಡಿ ಬದಿಗಿಟ್ಟಿದ್ದ ‘ಫೇಸ್ ಇಟ್ ಅಲೋನ್’ 2022ರಲ್ಲಿ ಹೊರಬಂದಾಗ ಅಂಥ ಸ್ಪಷ್ಟ ಸಮ್ಮತಿಯ ಆಧಾರವಿರಲಿಲ್ಲ. ಕಲಾವಿದ ಬದಿಗಿಟ್ಟದ್ದನ್ನು ಪ್ರೀತಿಯ ಹೆಸರಿನಲ್ಲಿ ತೆರೆಯಬಹುದೆ ಎಂಬ ಬಗ್ಗೆ ಅಭಿಮಾನಿಗಳಲ್ಲಿ ಒಮ್ಮತ ಸುಲಭವಲ್ಲ. ಹೊಸದಾಗಿ ಆ ದನಿ ಕೇಳುವ ಹಂಬಲ ಎಷ್ಟೇ ಗಾಢವಾಗಿರಲಿ, ಅದು ಹಕ್ಕಾಗುವುದಿಲ್ಲ. ತಂಡ ಮುಂದುವರಿದ ರೀತಿಯಲ್ಲೂ ಇದೇ ಸೂಕ್ಷ್ಮವಿದೆ. ಬಾಸ್ ವಾದಕ ಜಾನ್ ಡೀಕನ್ 1990ರ ದಶಕದ ಕೊನೆಯಲ್ಲಿ ಸಂಗೀತಲೋಕದಿಂದಲೇ ಹಿಂದೆ ಸರಿದರು. ಮೇ ಮತ್ತು ಟೇಲರ್ ಮೊದಲು ಪಾಲ್ ರಾಜರ್ಸ್, ಆಮೇಲೆ ಆಡಂ ಲ್ಯಾಂಬರ್ಟ್ ಜೊತೆ ವೇದಿಕೆ ಹತ್ತಿದರು. ಹೊಸ ಗಾಯಕನ ಹೆಸರನ್ನು ತಂಡದ ಹೆಸರಿನ ಪಕ್ಕದಲ್ಲೇ ಪ್ರತ್ಯೇಕವಾಗಿ ಇಟ್ಟರು. ಮೌನವೂ ನಿಷ್ಠೆ, ಹಾಡುವುದೂ ನಿಷ್ಠೆ. ಎರಡಕ್ಕೂ ಈ ಅಭಿಮಾನಿಬಳಗದಲ್ಲಿ ಜಾಗವಿದೆ.

ವಸ್ತುಗಳ ಮಾತು ಬೇರೆ. 2023ರಲ್ಲಿ ಮೇರಿ ಆಸ್ಟಿನ್ ಗಾರ್ಡನ್ ಲಾಡ್ಜ್‌ನಲ್ಲಿದ್ದ ಸಾಮಗ್ರಿಗಳನ್ನು ಲಂಡನ್ನಿನ ಸದಬೀಸ್ ಮೂಲಕ ಹರಾಜಿಗಿಟ್ಟರು. ಹರಾಜಿಗೆ ಮೊದಲಿನ ಉಚಿತ ಪ್ರದರ್ಶನಕ್ಕೆ ಸುಮಾರು 1,40,000 ಜನ ಸಾಲುಗಟ್ಟಿ ಬಂದರು. ಯಮಾಹಾ ಪಿಯಾನೋ 17 ಲಕ್ಷ ಪೌಂಡಿಗೂ ಹೆಚ್ಚು ಬೆಲೆಗೆ ಹೋಯಿತು. ಅಭಿಮಾನಿಗಳು ಬರೆದು ತುಂಬಿಸಿದ್ದ ಆ ಹಸಿರು ಬಾಗಿಲು 4 ಲಕ್ಷ ಪೌಂಡು ದಾಟಿತು. ಬಾಗಿಲಿನ ಬೆಲೆ ಯೋಚನೆಗೆ ಹಚ್ಚುವಂಥದ್ದು. ಮಧ್ಯಯುಗದ ಚರ್ಚುಗಳಲ್ಲಿ ಸಂತರ ಅವಶೇಷಕ್ಕೆ ಮಹಿಮೆ ಬರುತ್ತಿದ್ದುದು ಸಂತನ ಸ್ಪರ್ಶದಿಂದ. ಈ ಬಾಗಿಲಿಗೆ ಬೆಲೆ ತಂದದ್ದು ಹೊರಗೆ ನಿಂತಿದ್ದವರ ಬರವಣಿಗೆ, ಒಳಗಿದ್ದವನಿಗೆ ತಲುಪುವುದಿಲ್ಲವೆಂದು ಗೊತ್ತಿದ್ದೂ ಬರೆದ ಸಾಲುಗಳು. ಅವನ್ನು ಬರೆದವರಿಗೆ ಆ ಹಣದ ಮೇಲೆ ಯಾವ ಹಕ್ಕೂ ಇರಲಿಲ್ಲ. ಹರಾಜಿನ ಹಣದಲ್ಲೊಂದು ಭಾಗ ಏಡ್ಸ್ ನಿಧಿಗಳಿಗೆ ಹೋಯಿತೆಂಬುದು ಸಮಾಧಾನದ ಸಂಗತಿ.

ಇದೆಲ್ಲ ಧರ್ಮವೇ? ಯಾತ್ರೆ, ಪ್ರತಿಮೆ, ಪುಣ್ಯತಿಥಿ, ಸಾಮೂಹಿಕ ಗಾನ, ಅವಶೇಷ ಎಲ್ಲವೂ ಇರುವುದರಿಂದ ಹಾಗೆನ್ನುವವರಿದ್ದಾರೆ. ಆದರೆ ಭಕ್ತ ದೇವರಲ್ಲಿ ಶರಣಾಗುತ್ತಾನೆ, ಮೋಕ್ಷ ಬೇಡುತ್ತಾನೆ, ಬದುಕಿಗೆ ವಿಧಿನಿಷೇಧ ಪಡೆಯುತ್ತಾನೆ. ಅಭಿಮಾನಿಗೆ ಇವು ಮೂರೂ ಇಲ್ಲ, ಮರ್ಕ್ಯುರಿ ಕೊಡಲು ಹೋದವರೂ ಅಲ್ಲ. ಹೋಲಿಕೆ ಅಪಾಯಕಾರಿಯಾಗುವುದು ಅಭಿಮಾನಿಗಳು ಪ್ರೀತಿಪಾತ್ರನನ್ನು ಸಂತನನ್ನಾಗಿಸಬೇಕೆಂದು ಆತನ ಬದುಕನ್ನು ತೊಳೆದಿಡಲು ಹೊರಟಾಗ. 2018ರ ‘ಬೊಹೀಮಿಯನ್ ರಾಪ್ಸಡಿ’ ಚಲನಚಿತ್ರ, ಮರ್ಕ್ಯುರಿ ತಮ್ಮ ಕಾಯಿಲೆಯ ಸುದ್ದಿಯನ್ನು ಲೈವ್ ಏಡ್‌ಗೆ ಮುಂಚೆಯೇ ತಂಡಕ್ಕೆ ಹೇಳಿದಂತೆ ತೋರಿಸಿ, ಆ ಪ್ರದರ್ಶನಕ್ಕೆ ಹುತಾತ್ಮನ ಪ್ರಭೆ ತೊಡಿಸಿತು. ಆತ ಸೋಂಕಿನ ವಿಷಯ ಅರಿತದ್ದು 1987ರ ಹೊತ್ತಿಗೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಸಂಗತಿ. ಲೈವ್ ಏಡ್‌ಗೆ ಆ ಪ್ರಭೆಯ ಅಗತ್ಯವಿರಲಿಲ್ಲ. ಇನ್ನೊಂದು ಕಡೆ ಹುಟ್ಟೂರು ಜಂಜಿಬಾರ್‌ನಲ್ಲಿ 2006ರಲ್ಲಿ ಅರವತ್ತನೆಯ ಜನ್ಮದಿನದ ಆಚರಣೆಗೆ, ಅವರ ಲೈಂಗಿಕತೆಯ ಕಾರಣ ಕೊಟ್ಟು, ಧಾರ್ಮಿಕ ಸಂಘಟನೆಯೊಂದು ವಿರೋಧ ಒಡ್ಡಿತು. 2019ರಲ್ಲಿ ಅದೇ ಜಂಜಿಬಾರ್‌ನ ಸ್ಟೋನ್ ಟೌನ್‌ನಲ್ಲಿ ಅವರ ಹೆಸರಿನ ವಸ್ತುಸಂಗ್ರಹಾಲಯ ತೆರೆಯಿತು.

ಅಭಿಮಾನ ಕೃತಜ್ಞತೆಯೆಂದಾದರೆ ಋಣ ತೀರಿಸುವ ದಾರಿಯೂ ಇರಬೇಕು. ಸತ್ತವನಿಗೆ ನೇರವಾಗಿ ತೀರಿಸಲಾಗದು, ಆತ ಅನುಭವಿಸಿದ ಸಂಕಟದಲ್ಲೇ ಇರುವ ಬೇರೆಯವರಿಗೆ ತೀರಿಸಬಹುದು. 1992ರ ಏಪ್ರಿಲ್ 20ರಂದು ವೆಂಬ್ಲಿಯಲ್ಲಿ ನಡೆದ ಸ್ಮರಣಾರ್ಥ ಸಂಗೀತ ಕಾರ್ಯಕ್ರಮದ ಗಳಿಕೆಯಿಂದ ಮರ್ಕ್ಯುರಿ ಫೀನಿಕ್ಸ್ ಟ್ರಸ್ಟ್ ಹುಟ್ಟಿತು. ಏಡ್ಸ್ ಎಂಬ ಮಾತನ್ನೇ ಬಾಯಿಗೆ ತರಲು ಜನ ಅಂಜುತ್ತಿದ್ದ ಕಾಲ ಅದು. ಆಫ್ರಿಕಾ, ಏಷ್ಯಾಗಳ ಹಲವು ದೇಶಗಳಲ್ಲಿ ಎಚ್‌ಐವಿ ತಡೆ ಮತ್ತು ತಿಳಿವಳಿಕೆಯ ಕೆಲಸಗಳಿಗೆ ಟ್ರಸ್ಟ್ ಇಂದಿಗೂ ಹಣ ಒದಗಿಸುತ್ತಿದೆ. ಪ್ರತಿ ಸೆಪ್ಟೆಂಬರ್‌ನಲ್ಲಿ ಅಭಿಮಾನಿಗಳು ಹಳದಿ ಜಾಕೆಟ್ ತೊಟ್ಟು, ಮೀಸೆ ಅಂಟಿಸಿಕೊಂಡು, ‘ಫ್ರೆಡ್ಡಿ ಫಾರ್ ಎ ಡೇ’ ಹೆಸರಿನಲ್ಲಿ ಅದಕ್ಕಾಗಿ ದೇಣಿಗೆ ಸಂಗ್ರಹಿಸುತ್ತಾರೆ. ಅವರಲ್ಲಿ ಅನೇಕರು 1991ರ ನಂತರ ಹುಟ್ಟಿದವರು.